ಬ್ಯಾಗಿನ ತಳದ ಚೀಟಿ: ಇಂಗ್ಲೆಂಡಿನ ಪ್ರೈಮರಿ ಶಾಲೆಯಲ್ಲಿ ಒಂದು ವರ್ಷ

ಹೊಸಬರಿಗೆ ಮಾರ್ಗದರ್ಶಿ, ನಮ್ಮ ಕನ್ನಡ ಸಂಘದಿಂದ

ನಾವು ಬಂದ ಮೊದಲ ವರ್ಷ, ಮಾರ್ಚ್ ತಿಂಗಳ ಒಂದು ಗುರುವಾರ. ಮಗನಿಗೆ ಯೂನಿಫಾರ್ಮ್ ಹಾಕಿ, ತಲೆ ಬಾಚಿ, ಶೂಗೆ ಪಾಲಿಶ್ ಹೊಡೆದು ಶಾಲೆಗೆ ಕರೆದುಕೊಂಡು ಹೋದೆ. ಗೇಟಿನ ಹತ್ತಿರ ಹುಲಿಗಳು, ಮಾಟಗಾತಿಯರು, ಕಡಲ್ಗಳ್ಳರು ಸಾಲಾಗಿ ನಿಂತಿದ್ದರು. ಇಡೀ ಮೈದಾನದಲ್ಲಿ ಯೂನಿಫಾರ್ಮ್ ಹಾಕಿದ್ದವನು ಇವನೊಬ್ಬನೇ. ಅವತ್ತು ವರ್ಲ್ಡ್ ಬುಕ್ ಡೇ. ಯಾವುದಾದರೂ ಪುಸ್ತಕದ ಪಾತ್ರದ ವೇಷ ಹಾಕಿಕೊಂಡು ಬನ್ನಿ ಅಂತ ಎರಡು ವಾರ ಮೊದಲೇ ಚೀಟಿ ಕಳಿಸಿದ್ದರು. ಅದು ಮಗನ ಬ್ಯಾಗಿನ ತಳದಲ್ಲಿ, ಅರ್ಧ ತಿಂದ ಬಾಳೆಹಣ್ಣಿಗೆ ಅಂಟಿಕೊಂಡು ಕೂತಿತ್ತು.

ಈಗ ಚೀಟಿ ಕಮ್ಮಿ. ಆ್ಯಪ್, ಇಮೇಲ್, ಶುಕ್ರವಾರದ ನ್ಯೂಸ್‌ಲೆಟರ್ ಬರುತ್ತವೆ. ಆದರೆ ಕಥೆ ಅದೇ. ಊರಿನಲ್ಲಿ ಮಾರ್ಕ್ಸ್ ಕಾರ್ಡ್ ಎಷ್ಟು ಗಮನ ಕೊಟ್ಟು ಓದುತ್ತಿದ್ದಿರೋ, ಇಲ್ಲಿ ಈ ಮೆಸೇಜುಗಳನ್ನು ಅಷ್ಟೇ ಗಮನ ಕೊಟ್ಟು ಓದಿ. ಇಬ್ಬರೂ ಓದಿ. "ನೀನು ನೋಡಿರ್ತೀಯ ಅಂದ್ಕೊಂಡೆ" ಅನ್ನುವ ಮಾತು ಪ್ರತಿ ವರ್ಷ ಎಷ್ಟು ಮನೆಗಳಲ್ಲಿ ಕೇಳುತ್ತೇನೋ ಲೆಕ್ಕವಿಲ್ಲ.

ಇಲ್ಲಿ ಬರೆದಿರುವುದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಪದ್ಧತಿ ಬೇರೆ.

ಸೀಟು

ಡೊನೇಷನ್ ಇಲ್ಲ, ಇಂಟರ್‌ವ್ಯೂ ಇಲ್ಲ, ಪರಿಚಯದವರಿಂದ ಫೋನ್ ಮಾಡಿಸುವುದೂ ಇಲ್ಲ. ಸರ್ಕಾರಿ ಶಾಲೆ ಅಂದರೆ ಮೂಗು ಮುರಿಯಬೇಡಿ. ಇಲ್ಲಿ ಬಹುಪಾಲು ಮಕ್ಕಳು ಓದುವುದು ಅಲ್ಲೇ. ಅರ್ಜಿ ಹಾಕುವುದು ಸ್ಥಳೀಯ ಆಡಳಿತಕ್ಕೆ, ಅಂದರೆ ಕೌನ್ಸಿಲ್‌ಗೆ. ಮಗುವಿಗೆ 4 ತುಂಬಿದ ಮೇಲೆ ಬರುವ ಸೆಪ್ಟೆಂಬರ್‌ನಲ್ಲಿ ರಿಸೆಪ್ಷನ್ ಕ್ಲಾಸು ಶುರು, ಆಮೇಲೆ ಇಯರ್ 1ರಿಂದ ಇಯರ್ 6ರವರೆಗೆ. ಅದಕ್ಕೆ ಅರ್ಜಿಯ ಕೊನೆ ದಿನ ಜನವರಿ 15, ಫಲಿತಾಂಶ ಏಪ್ರಿಲ್ 16ಕ್ಕೆ. ವರ್ಷದ ಮಧ್ಯೆ ಬಂದಿದ್ದರೆ ಅದಕ್ಕೆ ಬೇರೆ ಫಾರಂ ಇದೆ, ಕೌನ್ಸಿಲ್‌ನಲ್ಲಿ ವಿಚಾರಿಸಿ.

ವಯಸ್ಸಿನ ಲೆಕ್ಕ ಸೆಪ್ಟೆಂಬರ್ 1ರಿಂದ. ಆಗಸ್ಟ್ 31ಕ್ಕೆ ಹುಟ್ಟಿದವಳು ಒಂದು ಕ್ಲಾಸು, ಮರುದಿನ ಹುಟ್ಟಿದವಳು ಅದಕ್ಕಿಂತ ಕೆಳಗಿನ ಕ್ಲಾಸು. ಬೆಂಗಳೂರಿನಲ್ಲಿ ಯುಕೆಜಿ ಮುಗಿಸಿದ್ದಾನೆ, ಒಂದು ಕ್ಲಾಸು ಮೇಲೆ ಹಾಕಿ ಅಂತ ಆಫೀಸಿನಲ್ಲಿ ವಾದ ಮಾಡಬೇಡಿ. ನಾವೂ ಮಾಡಿ ನೋಡಿದ್ದೇವೆ. ನಕ್ಕು, ಟೀ ಬೇಕಾ ಅಂತ ಕೇಳಿ ಕಳಿಸುತ್ತಾರೆ.

ಫಾರಂನಲ್ಲಿ ಹೆಸರು ಬರೆಯುವಾಗ ಹುಷಾರು. ನಮ್ಮಲ್ಲಿ ಇನಿಷಿಯಲ್, ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಕಲಸಿಕೊಂಡಿರುತ್ತೆ. ಮೊದಲ ಹೆಸರಿನ ಜಾಗದಲ್ಲಿ ಏನಿದೆಯೋ ಅದನ್ನೇ ಹಾಜರಿಯಲ್ಲಿ ಕೂಗುತ್ತಾರೆ. ನಮಗೆ ಗೊತ್ತಿರುವ ಒಂದು ಮಗು ಮೂರು ವಾರ ತಾತನ ಹೆಸರಿಗೆ "ಯೆಸ್ ಮಿಸ್" ಅಂದಿತ್ತು.

ರಜೆ ಮತ್ತು ದಂಡ (ಇದನ್ನು ಎರಡು ಸಲ ಓದಿ)

ವರ್ಷಕ್ಕೆ ಮೂರು ಟರ್ಮ್. ಪ್ರತಿ ಟರ್ಮ್ ಮಧ್ಯೆ ಒಂದು ವಾರ ಹಾಫ್ ಟರ್ಮ್ ರಜೆ. ಕ್ರಿಸ್‌ಮಸ್‌ಗೆ, ಈಸ್ಟರ್‌ಗೆ ಸುಮಾರು ಎರಡೆರಡು ವಾರ. ಬೇಸಿಗೆಯಲ್ಲಿ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ ಆರು ವಾರ. ಮಕ್ಕಳಿಗೆ ಶಾಲೆ ಒಟ್ಟು 190 ದಿನ. ಇದಲ್ಲದೆ ಐದು ದಿನ ಟೀಚರ್‌ಗಳಿಗೆ ತರಬೇತಿ, ಅದಕ್ಕೆ ಇನ್‌ಸೆಟ್ ಡೇ ಅಂತಾರೆ. ಅವತ್ತು ಮಕ್ಕಳಿಗೆ ರಜೆ. ತಾರೀಖು ಶಾಲೆಯಿಂದ ಶಾಲೆಗೆ ಬೇರೆ, ಆದ್ದರಿಂದ ಪಕ್ಕದ ಮನೆಯವರನ್ನು ಕೇಳಿ ಪ್ರಯೋಜನವಿಲ್ಲ.

ಊರಿನಲ್ಲಿ ಮದುವೆ ಅಂದರೆ ಹತ್ತು ದಿನ ಶಾಲೆ ತಪ್ಪಿಸುವುದು ಮಾಮೂಲು. "ಊರಿಗೆ ಹೋಗಿದ್ವಿ ಮಿಸ್" ಅಂದರೆ ಮುಗೀತು. ಇಲ್ಲಿ ಮುಗಿಯಲ್ಲ. ವಿಶೇಷ ಕಾರಣ ಇದ್ದರೆ ಮಾತ್ರ ಹೆಡ್‌ಟೀಚರ್ ರಜೆ ಕೊಡಬಹುದು. ಅಗ್ಗದ ಟಿಕೆಟ್ ಸಿಕ್ಕಿತು ಅನ್ನುವುದು ವಿಶೇಷ ಕಾರಣ ಅಲ್ಲ. ಚಿಕ್ಕಪ್ಪನ ಮಗಳ ಮದುವೆಯನ್ನೂ ಒಪ್ಪಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಹತ್ತು ವಾರದೊಳಗೆ ಐದು ದಿನದಷ್ಟು ಒಪ್ಪಿಗೆಯಿಲ್ಲದ ಗೈರುಹಾಜರಿ ಆದರೆ ದಂಡ ಹಾಕಬಹುದು. 2024ರ ಆಗಸ್ಟ್‌ನಿಂದ ಮೊದಲ ಸಲದ ದಂಡ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಮೂರು ವರ್ಷದೊಳಗೆ ಅದೇ ಮಗುವಿಗೆ ಎರಡನೇ ಸಲ ಆದರೆ ನೇರವಾಗಿ 160. ಮೂರನೇ ಸಲ ಕೋರ್ಟಿನವರೆಗೂ ಹೋಗಬಹುದು.

ಈ ದಂಡ ಮನೆಗೊಂದಲ್ಲ. ಅಪ್ಪನಿಗೊಂದು, ಅಮ್ಮನಿಗೊಂದು, ಅದೂ ಪ್ರತಿ ಮಗುವಿಗೆ ಬೇರೆ. ಇಬ್ಬರು ಮಕ್ಕಳಿದ್ದರೆ 320 ಪೌಂಡ್. ನಮ್ಮ ನಾದಿನಿಯ ಮದುವೆ ದಾವಣಗೆರೆಯಲ್ಲಿ, ಫೆಬ್ರವರಿಯಲ್ಲಿ. ಹಾಫ್ ಟರ್ಮ್‌ಗೆ ಆರು ದಿನ ಸೇರಿಸಿಕೊಂಡು ಹೋದೆವು. ಜ್ವರ ಅಂತ ಇಮೇಲ್ ಹಾಕಿದೆವು, ಸುಳ್ಳು ಯಾಕೆ ಹೇಳಲಿ. ವಾಪಸ್ ಬಂದ ಮೊದಲ ದಿನವೇ ಮಗಳು ಕ್ಲಾಸಿನಲ್ಲಿ ಎರಡೂ ಕೈ ಎತ್ತಿ ಮೆಹಂದಿ ತೋರಿಸಿ, ಬೆಣ್ಣೆ ದೋಸೆ ತಿಂದಿದ್ದನ್ನೂ ಸೇರಿಸಿ ಎಲ್ಲ ಹೇಳಿದ್ದಾಳೆ. ಕಾಗದ ಬಂತು. ಕಟ್ಟಿದೆವು. ದುಡ್ಡು ಹೋಗಿದ್ದಕ್ಕಿಂತ, ಆಮೇಲೆ ಒಂದು ವರ್ಷ ಆಫೀಸಿನ ಕಿಟಕಿಯ ಮುಂದೆ ನಿಂತಾಗಲೆಲ್ಲ ಮುಖ ಕೆಳಗೆ ಹಾಕಿಕೊಳ್ಳಬೇಕಾಯಿತಲ್ಲ, ಅದು ಜಾಸ್ತಿ ನೋವಾಯಿತು.

ಇದಕ್ಕೆ ನಮ್ಮಲ್ಲೇ ಒಂದು ದಾರಿ ಇದೆ. ಬೇಸಿಗೆ ರಜೆಯ ಕೊನೆ ಭಾಗ ಸಾಮಾನ್ಯವಾಗಿ ಶ್ರಾವಣದಲ್ಲಿ ಬರುತ್ತದೆ. ಮದುವೆ, ಗೃಹಪ್ರವೇಶ, ಉಪನಯನ ಏನಿದ್ದರೂ ಆಷಾಢ ಮುಗಿದ ಮೇಲೆ ಮುಹೂರ್ತ ನೋಡಿಸಿ ಅಂತ ಊರಿನಲ್ಲಿ ಹಿರಿಯರಿಗೆ ಮೊದಲೇ ಹೇಳಿಡಿ. ಪುರೋಹಿತರಿಗೆ ಇಂಗ್ಲೆಂಡಿನ ಕ್ಯಾಲೆಂಡರ್ ಗೊತ್ತಿರುವುದಿಲ್ಲ. ಟಿಕೆಟ್ ದುಬಾರಿ, ನಿಜ. ದಂಡ ಸೇರಿಸಿ ಲೆಕ್ಕ ಹಾಕಿ ನೋಡಿ.

ದೀಪಾವಳಿಗೆ ಒಂದು ದಿನ ರಜೆ ಬೇಕಿದ್ದರೆ ಧಾರ್ಮಿಕ ಹಬ್ಬ ಅಂತ ಕಾರಣ ಕೊಟ್ಟು ಮುಂಚೆಯೇ ಬರೆದು ಕೇಳಿ.

ಮೊದಲ ಟರ್ಮ್‌ನಲ್ಲಿ ಸಾಮಾನ್ಯವಾಗಿ ಬರುವುದು

- ಸೆಪ್ಟೆಂಬರ್: ಮೀಟ್ ದ ಟೀಚರ್. ಅರ್ಧ ಗಂಟೆ. ಹೋಗಿ.
- ಹಾರ್ವೆಸ್ಟ್ ಫೆಸ್ಟಿವಲ್: ಸುಗ್ಗಿ ಹಬ್ಬ ಅಂದುಕೊಳ್ಳಿ. ಡಬ್ಬಿ ಆಹಾರ ಕೇಳುತ್ತಾರೆ, ಕಷ್ಟದಲ್ಲಿರುವವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ಕೊಡುತ್ತಾರೆ. ಅವಧಿ ಮುಗಿದ ಡಬ್ಬಿ ಕಳಿಸಬೇಡಿ.
- ಅಕ್ಟೋಬರ್ 31: ಮಗು ಇಯರ್ 6ರಲ್ಲಿದ್ದರೆ ಸೆಕೆಂಡರಿ ಶಾಲೆಯ ಅರ್ಜಿಗೆ ಕೊನೆ ದಿನ.
- ನವೆಂಬರ್: ಗಸಗಸೆ ಹೂವಿನ ಬ್ಯಾಡ್ಜ್, ಯುದ್ಧದಲ್ಲಿ ಸತ್ತವರ ನೆನಪಿಗೆ. ಆ್ಯಂಟಿ ಬುಲ್ಲಿಯಿಂಗ್ ವಾರದಲ್ಲಿ ಒಂದೊಂದು ಕಾಲಿಗೆ ಒಂದೊಂದು ಥರದ ಕಾಲುಚೀಲ, ಬೇಕಂತಲೇ. ಚಿಲ್ಡ್ರನ್ ಇನ್ ನೀಡ್ ಅನ್ನುವ ಮಕ್ಕಳ ಚಾರಿಟಿಯ ದಿನ ಚುಕ್ಕೆ ಚುಕ್ಕೆ ಬಟ್ಟೆ, ಜೊತೆಗೆ ಚಿಲ್ಲರೆ.
- ಡಿಸೆಂಬರ್: ನೇಟಿವಿಟಿ, ಅಂದರೆ ಯೇಸು ಹುಟ್ಟಿದ ಕಥೆಯ ನಾಟಕ. ಕ್ರಿಸ್‌ಮಸ್ ಜಂಪರ್ (ಸ್ವೆಟರ್) ದಿನ.

ನೇಟಿವಿಟಿಗೆ ಒಂದು ಮಾತು. ನಿಮ್ಮ ಮಗುವಿಗೆ ಕುರಿಯ ಪಾತ್ರ ಕೊಟ್ಟರೆ ಅವಮಾನ ಅಂದುಕೊಳ್ಳಬೇಡಿ. ಬಿಳಿ ಬಟ್ಟೆಗೆ ಹತ್ತಿ ಅಂಟಿಸಿ ಕಳಿಸಿ. ಧರ್ಮದ ಕಾರಣಕ್ಕೆ ಪ್ರಾರ್ಥನೆ, ಧರ್ಮದ ಪಾಠ ಬೇಡ ಅನಿಸಿದರೆ ಮಗುವನ್ನು ಹೊರಗಿಡುವ ಹಕ್ಕು ಪೋಷಕರಿಗೆ ಇದೆ. ನಮ್ಮಲ್ಲಿ ಯಾರೂ ಹಾಗೆ ಮಾಡಿದ್ದು ನಾನು ನೋಡಿಲ್ಲ. ಎಲ್ಲರೂ ಮುಂದಿನ ಸಾಲಿನಲ್ಲಿ ಫೋನ್ ಹಿಡಿದು ನಿಂತಿರುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ: ಕೂತುಕೊಳ್ಳಿ, ಹಿಂದಿನವರಿಗೂ ಮಕ್ಕಳಿದ್ದಾರೆ. ವಿಡಿಯೊ ಮಾಡಬೇಡಿ ಅಂದಿದ್ದರೆ ಮಾಡಬೇಡಿ.

ಎಳ್ಳು ಬೆಲ್ಲ

ಎರಡನೇ ವರ್ಷದ ಸಂಕ್ರಾಂತಿಗೆ ನನಗೆ ಉತ್ಸಾಹ ಬಂತು. ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ, ಹುರಿಗಡಲೆ, ಕಡಲೆಬೀಜ, ಬಿಳಿ ಎಳ್ಳು ಸೇರಿಸಿ ಮೂವತ್ತು ಪುಟ್ಟ ಪೊಟ್ಟಣ ಮಾಡಿದೆ. ಪ್ರತಿಯೊಂದರಲ್ಲೂ ಒಂದು ಸಕ್ಕರೆ ಅಚ್ಚು. ರಾತ್ರಿ ಒಂದು ಗಂಟೆಯವರೆಗೆ ರಿಬ್ಬನ್ ಕಟ್ಟಿದ್ದೇನೆ. ಕ್ಲಾಸಿಗೆಲ್ಲ ಎಳ್ಳು ಬೀರಲಿ ಅಂತ ಮಗಳ ಕೈಯಲ್ಲಿ ಕೊಟ್ಟು ಕಳಿಸಿದೆ.

ಸಂಜೆ ಟೀಚರ್ ಆ ಚೀಲವನ್ನು ಎರಡು ಕೈಯಲ್ಲಿ, ಮೈಯಿಂದ ದೂರ ಹಿಡಿದು ಹೊರಗೆ ತಂದರು. ತುಂಬ ಮೆತ್ತಗೆ ಮಾತಾಡಿದರು. ಕ್ಲಾಸಿನಲ್ಲಿ ಒಂದು ಮಗುವಿಗೆ ಕಡಲೆಬೀಜದ ಅಲರ್ಜಿ. ಒಂದು ಚೂರು ಸಾಕು, ಉಸಿರು ಕಟ್ಟಿ ಆಸ್ಪತ್ರೆ ಸೇರಬೇಕಾಗುತ್ತದೆ. ಎಳ್ಳು ಕೂಡ ಇಲ್ಲಿ ಆಹಾರದ ಲೇಬಲ್ ಮೇಲೆ ಕಡ್ಡಾಯವಾಗಿ ಹೇಳಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಒಂದು. ಮಗಳು ಹಿಂದೆ ನಿಂತು ಅಳುತ್ತಿದ್ದಳು. ನನಗೆ ಮೊದಲು ಬಂದದ್ದು ಕೋಪ, ನಮ್ಮ ಹಬ್ಬವನ್ನು ವಾಪಸ್ ಕಳಿಸಿದರಲ್ಲ ಅಂತ. ಮಾರನೇ ದಿನ ಆ ಮಗುವಿನ ಅಮ್ಮ ಗೇಟಿನಲ್ಲಿ ತಾವಾಗಿಯೇ ಬಂದು ಮಾತಾಡಿಸಿದರು. ಅವರ ಹ್ಯಾಂಡ್‌ಬ್ಯಾಗಿನಲ್ಲಿ ಯಾವಾಗಲೂ ಎರಡು ಇಂಜೆಕ್ಷನ್ ಪೆನ್ ಇರುತ್ತವೆ, ತೋರಿಸಿದರು. ಕೋಪ ಅಲ್ಲೇ ಇಳಿಯಿತು.

ಆದ್ದರಿಂದ: ಚಿಕ್ಕಿ ಬೇಡ, ಶೇಂಗಾ ಚಟ್ನಿಪುಡಿ ಸವರಿದ ಚಪಾತಿ ಬೇಡ, ಕಡಲೆಬೀಜ ಹಾಕಿದ ಪುಳಿಯೋಗರೆ, ಚಿತ್ರಾನ್ನ ಬೇಡ. ಡಬ್ಬಿ ನಿಮ್ಮ ಮಗುವಿನದ್ದೇ ಆದರೂ ಬೇಡ. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವ ಮೊದಲೂ ಕೇಳಿ. ಪೆನ್ಸಿಲ್, ಸ್ಟಿಕ್ಕರ್ ಕೊಟ್ಟರೆ ತಲೆನೋವಿಲ್ಲ.

ಊಟದ ಬಗ್ಗೆ ಇನ್ನೆರಡು ಮಾತು. ರಿಸೆಪ್ಷನ್‌ನಿಂದ ಇಯರ್ 2ರವರೆಗೆ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಬಿಸಿಯೂಟ ಉಚಿತ. ವೆಜಿಟೇರಿಯನ್ ಅಂದರೆ ಇಲ್ಲಿ ಮೊಟ್ಟೆ ಸೇರಿಯೇ. ಮೊಟ್ಟೆ ಬೇಡದಿದ್ದರೆ ಬೇರೆಯಾಗಿ ಬರೆಯಿರಿ. ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಪ್ರಾಣಿಗಳಿಂದ ಮಾಡಿದ ಜೆಲಟಿನ್ ಇರಬಹುದು.

ಪರೀಕ್ಷೆ, ಮತ್ತೆ ನಮ್ಮ ಚಡಪಡಿಕೆ

ರ‍್ಯಾಂಕ್ ಇಲ್ಲ. ಪೇರೆಂಟ್ಸ್ ಈವ್ನಿಂಗ್‌ನಲ್ಲಿ ಹತ್ತು ನಿಮಿಷ ಸಿಗುತ್ತದೆ. ಅದರಲ್ಲಿ ಒಂಬತ್ತು ನಿಮಿಷ "ಕ್ಲಾಸಿಗೆ ಎಷ್ಟನೆಯವನು" ಅಂತ ಕೇಳಿ ಕಳೆಯಬೇಡಿ, ಹೇಳಲ್ಲ. ವರ್ಕಿಂಗ್ ಟುವರ್ಡ್ಸ್ (ಇನ್ನೂ ಮಟ್ಟ ಮುಟ್ಟಬೇಕು), ಎಕ್ಸ್‌ಪೆಕ್ಟೆಡ್, ಗ್ರೇಟರ್ ಡೆಪ್ತ್ (ಮಟ್ಟಕ್ಕಿಂತ ಮೇಲೆ) ಅನ್ನುವ ಮೂರು ಮಾತು ಬರುತ್ತವೆ. ಎಕ್ಸ್‌ಪೆಕ್ಟೆಡ್ ಅಂದರೆ ಚೆನ್ನಾಗಿಯೇ ಇದ್ದಾನೆ ಅಂತ ಅರ್ಥ, ಸುಮ್ನೆ ಮುಖ ಸಣ್ಣ ಮಾಡಬೇಡಿ. "ಸ್ವಲ್ಪ ಚಾಟಿ" ಅಂದರೆ ನಮ್ಮ ಚಾಟಿ ಅಲ್ಲ, ಕ್ಲಾಸಿನಲ್ಲಿ ಜಾಸ್ತಿ ಮಾತಾಡ್ತಾನೆ ಅಂತ. ಇಲ್ಲಿನ ಟೀಚರ್‌ಗಳು ದೂರನ್ನು ಜೇನುತುಪ್ಪದಲ್ಲಿ ಅದ್ದಿ ಕೊಡುತ್ತಾರೆ. ನಾಲ್ಕು ಹೊಗಳಿಕೆಯ ಮಧ್ಯೆ ಒಂದು "ಬಟ್" ಬರುತ್ತದೆ. ಕಿವಿ ಅಲ್ಲಿಡಿ.

ಇಯರ್ 1ರ ಜೂನ್‌ನಲ್ಲಿ ಫೋನಿಕ್ಸ್, ಅಂದರೆ ಅಕ್ಷರದ ಸದ್ದು ಕೂಡಿಸಿ ಪದ ಓದುವ ಪರೀಕ್ಷೆ. 40 ಪದ ಓದಬೇಕು, ಅರ್ಧ ನಿಜವಾದವು, ಅರ್ಧ ಅರ್ಥವಿಲ್ಲದವು. ಮನೆಯಲ್ಲಿ ಎಬಿಸಿಡಿ ಗಿಳಿಪಾಠ ಬೇಡ, ಅಕ್ಷರದ ಸದ್ದು ಹೇಳಿಸಿ. ಅ ಆ ಇ ಈ ಕಲಿತ ಮಗುವಿಗೆ ಇದು ಬೇಗ ಹತ್ತುತ್ತದೆ, ಯಾಕಂದರೆ ನಮ್ಮಲ್ಲಿ ಅಕ್ಷರದ ಹೆಸರೇ ಅದರ ಸದ್ದು.

ಇಯರ್ 4ರ ಜೂನ್‌ನಲ್ಲಿ ಮಗ್ಗಿ. 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡ್, 12ರ ಮಗ್ಗಿವರೆಗೆ, ಕಂಪ್ಯೂಟರಿನಲ್ಲಿ. ಎರಡೊಂದ್ಲೆ ಎರಡು ಅಂತ ಸಂಜೆ ದೀಪದ ಮುಂದೆ ಕೂತು ಹೇಳಿ ಬೆಳೆದವರು ನಾವು. ಇಲ್ಲಿ ಸ್ವಲ್ಪ ಜಂಬ ಪಟ್ಟುಕೊಳ್ಳಬಹುದು. ಆದರೆ ಉತ್ತರ ಟೈಪ್ ಮಾಡುವ ಅಭ್ಯಾಸವೂ ಬೇಕು.

ಇಯರ್ 6ರ ಮೇ ತಿಂಗಳಲ್ಲಿ ಸ್ಯಾಟ್ಸ್, ಅಂದರೆ ಎಲ್ಲ ಶಾಲೆಗಳಿಗೂ ಒಂದೇ ಆದ ಇಂಗ್ಲಿಷ್, ಲೆಕ್ಕದ ಪರೀಕ್ಷೆ. ನಾಲ್ಕು ದಿನ. ಮುಗಿದ ಮೇಲೆ ಆಟವೇ ಆಟ.

ಶಾಲೆಗೆ ಬೇಕಾಗಿರುವುದು

ಗೋಡೆಯ ಮೇಲೆ ಕರುಣೆ, ಗೌರವ, ಛಲ ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಬರೀ ಅಲಂಕಾರ ಅಂದುಕೊಂಡಿದ್ದೆ. ಶುಕ್ರವಾರದ ಅಸೆಂಬ್ಲಿಯಲ್ಲಿ ಸರ್ಟಿಫಿಕೇಟ್ ಕೊಡುವುದು ಅದರ ಪ್ರಕಾರವೇ. ಮಗನಿಗೆ ಮೊದಲ ಸರ್ಟಿಫಿಕೇಟ್ ಬಂದದ್ದು ಲೆಕ್ಕಕ್ಕಲ್ಲ, ಬಿದ್ದ ಹುಡುಗಿಯನ್ನು ಎಬ್ಬಿಸಿ ಆಫೀಸಿಗೆ ಕರೆದುಕೊಂಡು ಹೋಗಿದ್ದಕ್ಕೆ. ಅಜ್ಜಿಗೆ ಫೋನಿನಲ್ಲಿ ಹೇಳಿದರೆ, "ಅದಕ್ಕೂ ಸರ್ಟಿಫಿಕೇಟ್ ಕೊಡ್ತಾರೇನೋ?" ಅಂದರು.

ಪಿಟಿಎ ಅಂದರೆ ಪೋಷಕರು, ಟೀಚರ್‌ಗಳು ಸೇರಿ ದುಡ್ಡು ಕೂಡಿಸುವ ಗುಂಪು. ಆಟದ ಸಾಮಾನು, ಪುಸ್ತಕ, ಪ್ರವಾಸಕ್ಕೆ ಎಷ್ಟೋ ದುಡ್ಡು ಇಲ್ಲಿಂದ ಬರುತ್ತದೆ. ನಮ್ಮವರು ಸಮ್ಮರ್ ಫೇರ್‌ಗೆ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ, ಮೇಜು ಎತ್ತಲು ಯಾರೂ ಇರುವುದಿಲ್ಲ. ಇದು ಬೇಸರದ ಮಾತು, ಆದರೂ ಹೇಳಲೇಬೇಕು. ಗಣೇಶನ ಪೆಂಡಾಲಿಗೆ ಬೊಂಬು ಕಟ್ಟಿದ ಕೈಗಳು ಎಲ್ಲಿ ಹೋದವು? ಒಂದು ಗಂಟೆ ಕೊಡಿ, ಸಾಕು.

ದೀಪಾವಳಿಗೆ ಟೀಚರ್ ಪೋಷಕರನ್ನು ಕ್ಲಾಸಿಗೆ ಕರೆದರೆ ಹೋಗಿ. ಕರೆಯದಿದ್ದರೆ ನೀವೇ ಕೇಳಿ. ರಾಮನ ಕಥೆ ಅವರಿಗೆ ಪುಸ್ತಕದಲ್ಲಿ ಸಿಗುತ್ತದೆ. ನೀರು ತುಂಬುವ ಹಬ್ಬ, ಎಣ್ಣೆ ಸ್ನಾನ, ಬಲಿಪಾಡ್ಯಮಿ ಹೇಳಲು ನೀವೇ ಬೇಕು. ನಾನು ನಾಲ್ಕು ಚನ್ನಪಟ್ಟಣದ ಗೊಂಬೆ ತೆಗೆದುಕೊಂಡು ಹೋಗಿದ್ದೆ. ಎರಡು ವಾಪಸ್ ಬಂದವು, ಇನ್ನೆರಡು ರಿಸೆಪ್ಷನ್ ಕ್ಲಾಸಿನಲ್ಲೇ ಉಳಿದವು.

ಫಾರಂನಲ್ಲಿ ಮನೆಭಾಷೆ ಕೇಳಿದರೆ "ಇಂಡಿಯನ್" ಅಂತ ಬರೆಯಬೇಡಿ. ಕನ್ನಡ ಅಂತ ಬರೆಯಿರಿ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ಅಂತ ನಮಗೆ ಯಾವ ಟೀಚರೂ ಹೇಳಲಿಲ್ಲ. ಹಾಗೆ ಹೇಳಿದವರೆಲ್ಲ ನಮ್ಮವರೇ.

ಉಳಿದದ್ದು, ಪಟ್ಟಿ ಮಾತ್ರ

- ಜಂಪರ್, ಕೋಟು, ಟಿಫಿನ್ ಡಬ್ಬಿ, ಎಲ್ಲದರ ಮೇಲೂ ಹೆಸರು.
- ಮಳೆ ಬಂದರೆ ಶಾಲೆಗೆ ರಜೆ ಇಲ್ಲ.
- ಈಜು: ಇಯರ್ 6 ಮುಗಿಯುವಷ್ಟರಲ್ಲಿ 25 ಮೀಟರ್ ಈಜಬೇಕು ಅನ್ನುವುದು ಪಠ್ಯಕ್ರಮದ ಗುರಿ. ಹೆಣ್ಣುಮಕ್ಕಳಿಗೂ.
- ಹುಷಾರಿಲ್ಲದಿದ್ದರೆ ಬೆಳಗ್ಗೆಯೇ ಶಾಲೆಗೆ ಫೋನ್.
- ಹೇನು ಬಂದಿದೆ ಅಂತ ಮೆಸೇಜ್ ಬಂದರೆ ಗಾಬರಿ ಬೇಡ. ಬಾಚಣಿಗೆ ಅಜ್ಜಿಯ ಕಾಲದ್ದೇ ಸಾಕು.
- ಸ್ಪೋರ್ಟ್ಸ್ ಡೇ: ನಮ್ಮ ನಿಂಬೆಹಣ್ಣು ಚಮಚದ ಓಟವೇ, ಇಲ್ಲಿ ಮೊಟ್ಟೆ.
- ವರ್ಲ್ಡ್ ಬುಕ್ ಡೇ: ಮಾರ್ಚ್‌ನ ಮೊದಲ ಗುರುವಾರ. ಸಂಘದ ಕಪಾಟಿನಲ್ಲಿ ವೇಷದ ಪೆಟ್ಟಿಗೆ ಇದೆ: ಎರಡು ಹುಲಿ, ಒಂದು ತೆನಾಲಿ ರಾಮ, ಒಂದು ಕಿತ್ತೂರು ಚೆನ್ನಮ್ಮ. ಚೆನ್ನಮ್ಮನ ರಟ್ಟಿನ ಕತ್ತಿ ಮನೆಯಲ್ಲೇ ಬಿಡಿ, ಹೋದ ವರ್ಷ ಆಫೀಸಿನಲ್ಲಿ ಕಿತ್ತಿಟ್ಟುಕೊಂಡರು. ವೇಷ ತೊಳೆದು, ಒಣಗಿಸಿ ವಾಪಸ್ ಕೊಡಿ.