ಸಂಜೆ ಆರರ ಕರೆಂಟು: ಸ್ವೀಡನ್‌ಗೆ ಹೊರಟ ನಮ್ಮ ಊರಿನವರಿಗೆ

ಸ್ವೀಡನ್‌ನಿಂದ ರಜೆಗೆ ಉಡುಪಿಗೆ ಬಂದಿದ್ದೇನೆ. ಪಕ್ಕದ ಮನೆಯ ಹುಡುಗಿ ಮುಂದಿನ ತಿಂಗಳು ಸ್ಟಾಕ್‌ಹೋಮ್‌ಗೆ ಹೊರಟಿದ್ದಾಳೆ. "ಅಕ್ಕ, ಅಲ್ಲಿ ಕರೆಂಟ್ ಬಿಲ್ ತುಂಬಾ ಬರ್ತದಂತೆ, ಹೌದಾ?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿ ತಂತಿ ಎಳೆದ ಕಂಪನಿಗೊಂದು ದುಡ್ಡು, ಕರೆಂಟು ಮಾರುವ ಕಂಪನಿಗೊಂದು ದುಡ್ಡು. ಮಾರುವವರನ್ನು ನೀವೇ ಆರಿಸಿ, ಸುಮ್ನೆ ಕೂತರೆ ದುಬಾರಿ ದರ ಬೀಳುತ್ತದೆ. ಬಾಡಿಗೆ ಫ್ಲ್ಯಾಟಾದರೆ ಹೀಟಿಂಗ್, ಬಿಸಿನೀರು ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ. ನಮ್ಮದು ಸ್ವಂತ ಮನೆ, ಎಲ್ಲ ಕರೆಂಟಿನಲ್ಲೇ.

ನಮ್ಮ ಊರಿನ ಮೆಸ್ಕಾಂ ಬಿಲ್ಲಿನಲ್ಲಿ ಹಗಲಾದರೂ ರಾತ್ರಿಯಾದರೂ ಯೂನಿಟ್‌ಗೆ ದರ ಒಂದೇ ಅಲ್ವಾ? ಅಲ್ಲಿ ಗಂಟೆಗೊಂದು ದರದ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ನಾನು ಊರಿನ ಹಾಗೆಯೇ ಇದ್ದೆ. ಸಂಜೆ ಆರಕ್ಕೆ ಮನೆಗೆ ಬಂದ ಕೂಡಲೇ ಸ್ನಾನ, ವಾಷಿಂಗ್ ಮಷಿನ್, ಓವನ್, ಹೀಟರ್ ಎಲ್ಲ ಒಟ್ಟಿಗೆ. ಇಡೀ ದೇಶ ಮನೆ ಸೇರುವ ಹೊತ್ತು ಅದು. ಕರೆಂಟು ಮಾಡುವ ಗಾಳಿಯಂತ್ರಗಳು ತಿರುಗದ, ಗಾಳಿಯಿಲ್ಲದ ಚಳಿಯ ಸಂಜೆ ದರ ರಾತ್ರಿಗಿಂತ ಎಷ್ಟೋ ಪಟ್ಟು ಏರುತ್ತದೆ. ಜನವರಿಯ ಬಿಲ್ಲು ನೋಡಿ ನಾವಿಬ್ಬರೂ ಮಾತಿಲ್ಲದೆ ಕೂತಿದ್ದೆವು.

ನಾಳೆಯ ದರ ಇವತ್ತು ಮಧ್ಯಾಹ್ನ ಒಂದರ ಹೊತ್ತಿಗೆ ಫೋನಿಗೆ ಬರುತ್ತದೆ, ದುಬಾರಿ ಹೊತ್ತು ಕೆಂಪು ಬಣ್ಣದಲ್ಲಿ. 2025ರ ಅಕ್ಟೋಬರ್‌ನಿಂದ 15 ನಿಮಿಷಕ್ಕೊಂದು ದರ. ಗಾಳಿ ಜೋರಾದ ದಿನ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು. ಆದರೆ ತಂತಿಯ ದುಡ್ಡು, ತೆರಿಗೆ ತಪ್ಪುವುದಿಲ್ಲ.

9 ವ್ಯಾಟಿನ ಬಲ್ಬು ನೂರು ಗಂಟೆ ಉರಿದರೂ ಒಂದು ಯೂನಿಟ್ ಆಗುವುದಿಲ್ಲ. ನೀರು ಕಾಯಿಸುವ 3 ಕಿಲೋವ್ಯಾಟಿನ ಟ್ಯಾಂಕು, ಅಂದರೆ ದೊಡ್ಡ ಗೀಸರ್, 20 ನಿಮಿಷಕ್ಕೆ ಒಂದು ಯೂನಿಟ್ ತಿನ್ನುತ್ತದೆ. ಇದು ಗೊತ್ತಿಲ್ಲದೆ ಕೋಣೆ ಕೋಣೆಯ ಲೈಟ್ ಆರಿಸುತ್ತಾ ಓಡಾಡಿದೆ. ಅದೇ ನಾನು ದೋಸೆ ಹಿಟ್ಟು ಹುಳಿ ಬರಲಿ ಎಂದು ಅಡುಗೆಮನೆಯಲ್ಲಿ ರಾತ್ರಿಯಿಡೀ ಹೀಟರ್ ಇಟ್ಟಿದ್ದೆ. ಹಿಟ್ಟಿನ ಪಾತ್ರೆಯನ್ನು ಓವನ್ ಒಳಗಿಡಿ, ಅದರ ಸಣ್ಣ ಲೈಟ್ ಮಾತ್ರ ಹಾಕಿ. ಬೆಳಿಗ್ಗೆ ಹಿಟ್ಟು ಉಬ್ಬಿ ಮುಚ್ಚಳ ಎತ್ತಿರುತ್ತದೆ.

ಕಾರಿನ ಚಾರ್ಜಿಂಗ್, ನೀರಿನ ಟ್ಯಾಂಕು ಎರಡಕ್ಕೂ ಟೈಮರ್ ಹಾಕಿ ರಾತ್ರಿಗೆ ಬಿಡಿ. ವಾಷಿಂಗ್ ಮಷಿನ್ ಮಾತ್ರ ಎಲ್ಲರೂ ಮಲಗಿರುವಾಗ ಓಡಿಸಬೇಡಿ, ಬೆಂಕಿಯ ಭಯ.

ಈಗ ಹೇಳುವ ತಪ್ಪು ನನಗೆ ಇನ್ನೂ ನೋಯುತ್ತದೆ. ಎರಡನೆಯ ಚಳಿಗಾಲದಲ್ಲಿ ಮಗಳು ಬಿಸಿನೀರಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ ಬಾಗಿಲು ಬಡಿಯುತ್ತಿದ್ದೆ. ಒಂದು ಸಂಜೆ ಆರು ವರ್ಷದ ಅವಳು ಟವೆಲ್ ಹಿಡಿದು ಬಂದು, "ಅಮ್ಮ, ಫೋನಲ್ಲಿ ಕೆಂಪು ಉಂಟಾ? ಹಾಗಾದ್ರೆ ನಾಳೆ ಸ್ನಾನ ಮಾಡ್ತೇನೆ" ಅಂದಳು. ನಮ್ಮ ಬಚ್ಚಲಿನ ಹಂಡೆ ನೆನಪಾಯಿತು. ತೆಂಗಿನ ಮಡಲಿನ ಬೆಂಕಿ, ಹೊಗೆಯ ವಾಸನೆ, ಚೊಂಬು ಚೊಂಬು ನೀರು ಹೊಯ್ಯುವ ಅಜ್ಜಿ. ಸಾಕು ಎನ್ನುತ್ತಿದ್ದದ್ದು ನಾವು, ಅಜ್ಜಿಯಲ್ಲ. ಮಗಳಿಗೆ ಆ ಹೊಗೆಯ ವಾಸನೆ ಗೊತ್ತಿಲ್ಲ, ದರದ ಬಣ್ಣ ಗೊತ್ತು.

ಅವಳನ್ನು ತಡೆಯುವ ಅಗತ್ಯವೇ ಇರಲಿಲ್ಲ. ಅಗ್ಗದ ಹೊತ್ತಲ್ಲಿ ಕಾದ ನೀರು ಟ್ಯಾಂಕಿನಲ್ಲಿ ಸಂಜೆವರೆಗೂ ಬಿಸಿ ಇರುತ್ತದೆ. ಟೈಮರ್ ಇಡುವಾಗ ಮಕ್ಕಳ ಸ್ನಾನಕ್ಕೆ ಧಾರಾಳವಾಗಿ ಸಾಕಾಗುವಷ್ಟು ಗಂಟೆ ಕೊಡಿ. ಟ್ಯಾಂಕಿನ ನೀರು 60 ಡಿಗ್ರಿಗಿಂತ ಕೆಳಗಿರುವ ಹಾಗೆ ಮಾತ್ರ ಇಡಬೇಡಿ, ರೋಗಾಣು ಬೆಳೆಯುತ್ತದೆ.