ಬೆಟ್ಟದಿಂದ ಹ್ಯಾಂಗ್ ಗ್ಲೈಡರ್ ಹಾರಿಸುವ ಮುನ್ನ ಗಾಳಿಯ ಮುನ್ಸೂಚನೆಯನ್ನು ಓದುವ ಬಗೆ

ನಾಳೆ ಮಧ್ಯಾಹ್ನ ಪಶ್ಚಿಮದಿಂದ ಗಂಟೆಗೆ 15 ಕಿ.ಮೀ. ಗಾಳಿ ಬೀಸುತ್ತದೆ ಎಂದು ಮುನ್ಸೂಚನೆ ಹೇಳಿದರೆ, ಅದು ಯಾವ ಜಾಗದ, ಯಾವ ಎತ್ತರದ ಗಾಳಿ ಎಂಬುದು ಹ್ಯಾಂಗ್ ಗ್ಲೈಡರ್ (ಹಾರಾಟಗಾರ ತೂಗಿಕೊಂಡು ಹಾರುವ, ಎಂಜಿನ್ ಇಲ್ಲದ ರೆಕ್ಕೆ) ಹಾರಿಸುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ. ಹವಾಮಾನದ ಗಣಕ ಮಾದರಿಗಳು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿಕೊಂಡು ಲೆಕ್ಕ ಹಾಕುತ್ತವೆ. ಯುರೋಪಿನ ಇಸಿಎಂಡಬ್ಲ್ಯುಎಫ್ ಮಾದರಿಯ ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಿಎಫ್‌ಎಸ್ ಮಾದರಿಯದು ಸುಮಾರು 13 ಕಿ.ಮೀ. ಅಷ್ಟು ಅಗಲದ ಚೌಕದೊಳಗೆ ಚೂಪಾದ ಒಂದು ಬೆಟ್ಟಸಾಲು ತನ್ನ ಎರಡೂ ಬದಿಯ ಕಣಿವೆಗಳ ಸಮೇತ ಅಡಗಿಹೋಗಬಹುದು. ಮಾದರಿಗೆ ಕಾಣುವುದು ಅವೆಲ್ಲದರ ಸರಾಸರಿಯಾದ ಒಂದು ನುಣುಪು ದಿಬ್ಬ. ನಿಜವಾದ ನೆತ್ತಿ 1,900 ಮೀಟರ್ ಇದ್ದು ಮಾದರಿಯ ದಿಬ್ಬ 1,200 ಮೀಟರ್ ಇದ್ದರೆ, ನೆಲದಿಂದ 10 ಮೀಟರ್ ಎತ್ತರದ್ದೆಂದು ತೋರಿಸುವ ಗಾಳಿ ನೀವು ನಿಲ್ಲುವ ಜಾಗದ್ದೂ ಅಲ್ಲ, ಇಳಿಯುವ ಜಾಗದ್ದೂ ಅಲ್ಲ. ಆದ್ದರಿಂದ ಮುನ್ಸೂಚನೆಯನ್ನು ಉತ್ತರವೆಂದು ಓದದೆ, ಬೆಟ್ಟದ ಮೇಲೆ ಪರೀಕ್ಷಿಸಬೇಕಾದ ಒಂದು ಹೇಳಿಕೆಯೆಂದು ಓದಬೇಕು. ಈ ಬರಹದುದ್ದಕ್ಕೂ ನಾನು ವಿವರಿಸುವುದು ಆ ಪರೀಕ್ಷೆಗೆ ಬೇಕಾದ ಸಿದ್ಧತೆಯನ್ನೇ.

ನೆಲದ ಗಾಳಿಯ ಅಂಕಿಯನ್ನು ಬದಿಗಿಟ್ಟು, ಎತ್ತರವಾರು ಗಾಳಿಯನ್ನು ತೋರಿಸುವ ಪುಟವನ್ನು ತೆರೆಯಿರಿ. ಅಲ್ಲಿ ಎತ್ತರವನ್ನು ಸಾಮಾನ್ಯವಾಗಿ ವಾಯುಒತ್ತಡದ ಮಟ್ಟದಲ್ಲಿ ಕೊಟ್ಟಿರುತ್ತಾರೆ: 925 ಹೆಕ್ಟೊಪಾಸ್ಕಲ್ ಎಂದರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್, 850 ಎಂದರೆ ಸುಮಾರು 1,500 ಮೀಟರ್, 700 ಎಂದರೆ ಸುಮಾರು 3,000 ಮೀಟರ್. ಟೇಕಾಫ್ ಜಾಗದ ಎತ್ತರಕ್ಕೆ ಹತ್ತಿರದ ಮಟ್ಟ ಒಂದನ್ನು, ಆ ದಿನ ನೀವು ಏರಬಹುದಾದ ಅತಿ ಹೆಚ್ಚಿನ ಎತ್ತರಕ್ಕಿಂತ ಮೇಲಿನ ಮಟ್ಟ ಇನ್ನೊಂದನ್ನು ಆರಿಸಿಕೊಂಡು ಎರಡನ್ನೂ ಗಂಟೆಗಂಟೆಗೆ ನೋಡಬೇಕು. ಇಲ್ಲಿ ಮೂರು ಸಣ್ಣ ಎಡವಟ್ಟುಗಳಾಗುವುದುಂಟು. ಗಾಳಿಯ ದಿಕ್ಕು ಎಂದರೆ ಅದು ಹೊರಟು ಬರುವ ದಿಕ್ಕೇ ಹೊರತು ಹೋಗುವ ದಿಕ್ಕಲ್ಲ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ., ಸೆಕೆಂಡಿಗೆ ಒಂದು ಮೀಟರ್ ಎಂದರೆ ಗಂಟೆಗೆ 3.6 ಕಿ.ಮೀ.; ಸೆಕೆಂಡಿಗೆ 10 ಮೀಟರ್ ಎಂಬುದನ್ನು ಕಂಡು ಹತ್ತೇ ತಾನೇ ಎಂದುಕೊಂಡವರಿಗೆ ಬೆಟ್ಟದ ಮೇಲೆ 36 ಕಿ.ಮೀ. ವೇಗದ ಗಾಳಿ ಎದುರಾಗುತ್ತದೆ. ಇನ್ನು, ಅನೇಕ ನಕ್ಷೆಗಳು ಅಂತರರಾಷ್ಟ್ರೀಯ ಸಮಯದಲ್ಲಿರುತ್ತವೆ. ಅದನ್ನು ಸ್ಥಳೀಯ ಸಮಯಕ್ಕೆ ಹೊಂದಿಸಿಕೊಳ್ಳದಿದ್ದರೆ ಮಧ್ಯಾಹ್ನದ ಗಾಳಿಯನ್ನು ಬೆಳಗಿನದೆಂದು ಓದಿಬಿಡುತ್ತೇವೆ.

ಎಷ್ಟು ಗಾಳಿ ಸರಿ ಎಂಬುದು ಹಾರಿಸುವವರ ಅನುಭವ, ಗ್ಲೈಡರಿನ ಬಗೆ, ಇಳಿಜಾರಿನ ಆಕಾರ ಇವೆಲ್ಲವನ್ನೂ ಅವಲಂಬಿಸಿದೆ. ಆದರೂ ನನ್ನ ಲೆಕ್ಕದಲ್ಲಿ ಟೇಕಾಫ್ ಜಾಗದಲ್ಲಿ ಇಳಿಜಾರಿಗೆ ನೇರ ಎದುರಿನಿಂದ, ಎಡಬಲಕ್ಕೆ 30 ಡಿಗ್ರಿಯೊಳಗೆ, ಗಂಟೆಗೆ 10ರಿಂದ 25 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಬರುವ ಗಾಳಿ ಒಳ್ಳೆಯದು. ನೆತ್ತಿಯ ಮಟ್ಟದ ಮುನ್ಸೂಚನೆ 35 ಕಿ.ಮೀ. ದಾಟಿದರೆ ಅಲ್ಪ ಅನುಭವಿಗಳು ಗ್ಲೈಡರನ್ನು ಕಟ್ಟುವ ಗೋಜಿಗೇ ಹೋಗಬಾರದು. ಗಾಳಿಯ ಒತ್ತು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 20 ಕಿ.ಮೀ. ಗಾಳಿ 30 ಆದಾಗ ರೆಕ್ಕೆಯ ಮೇಲಿನ ಒತ್ತು ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಬೆಟ್ಟದ ನೆತ್ತಿಯನ್ನು ದಾಟುವಾಗ ಮತ್ತು ಎರಡು ಶಿಖರಗಳ ನಡುವಿನ ತಗ್ಗಿನಲ್ಲಿ ನುಗ್ಗುವಾಗ ಗಾಳಿ ಇನ್ನಷ್ಟು ಬಿರುಸಾಗುತ್ತದೆ. ಮಾದರಿಯ ನುಣುಪು ದಿಬ್ಬಕ್ಕೆ ಈ ಬಿರುಸು ಗೊತ್ತೇ ಇರುವುದಿಲ್ಲ.

ಸರಾಸರಿ ವೇಗಕ್ಕಿಂತಲೂ ನನಗೆ ಮುಖ್ಯವಾಗಿ ಕಾಣುವುದು ಸರಾಸರಿಗೂ ಬೀಸಿನ, ಅಂದರೆ ಹಠಾತ್ತನೆ ಏರಿ ಇಳಿಯುವ ಗಾಳಿಯ, ಗರಿಷ್ಠ ವೇಗಕ್ಕೂ ಇರುವ ಅಂತರ. ಸರಾಸರಿ 22, ಬೀಸು 27 ಎಂದಿದ್ದರೆ ಅದು ಹಾರಬಹುದಾದ ದಿನ. ಸರಾಸರಿ 15, ಬೀಸು 35 ಎಂದಿದ್ದರೆ, ಸರಾಸರಿ ಕಡಿಮೆಯಿದ್ದರೂ, ಅದು ಕೆಟ್ಟ ದಿನ. ರೆಕ್ಕೆಗೆ ಎದುರಾಗುವ ಗಾಳಿಯ ವೇಗ ಗಂಟೆಗೆ 30 ಕಿ.ಮೀ. ಆಸುಪಾಸಿಗೆ ಇಳಿದರೆ ಬಹುತೇಕ ಹ್ಯಾಂಗ್ ಗ್ಲೈಡರುಗಳು ತೇಲುವ ಶಕ್ತಿ ಕಳೆದುಕೊಳ್ಳುತ್ತವೆ. ಎದುರುಗಾಳಿ ಹಠಾತ್ತನೆ 20 ಕಿ.ಮೀ.ನಷ್ಟು ಇಳಿದರೆ ಆ ಕ್ಷಣದಲ್ಲಿ ರೆಕ್ಕೆಗೆ ಸಿಗುವ ಗಾಳಿಯ ವೇಗವೂ ಅಷ್ಟೇ ಇಳಿಯುತ್ತದೆ. ಎತ್ತರದ ಜಾಗಗಳಲ್ಲಿ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. 2,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 78ರಷ್ಟು ಮಾತ್ರ, ಹಾಗಾಗಿ ಕೆಳಗೆ 30 ಕಿ.ಮೀ.ಗೆ ಮೇಲೇಳುವ ಗ್ಲೈಡರಿಗೆ ಅಲ್ಲಿ 34 ಕಿ.ಮೀ. ಬೇಕು. ಆ ನಾಲ್ಕು ಕಿ.ಮೀ.ಯನ್ನು ಗಾಳಿ ಕೊಡದಿದ್ದರೆ ಓಡುವ ಕಾಲುಗಳೇ ಕೊಡಬೇಕು.

ಎತ್ತರ ಹೆಚ್ಚಿದಂತೆ ಗಾಳಿ ಎಷ್ಟು ಬೇಗ ಹೆಚ್ಚುತ್ತದೆ ಎಂಬುದನ್ನೂ ಗಮನಿಸಬೇಕು. ಬೆಳಗ್ಗೆ ಟೇಕಾಫ್ ಮಟ್ಟದಲ್ಲಿ 10 ಕಿ.ಮೀ., ಅದರ ಮೇಲೆ ಸಾವಿರ ಮೀಟರಿನಲ್ಲಿ 45 ಕಿ.ಮೀ. ಇದ್ದರೆ ಕೆಳಗಿನ ಶಾಂತತೆ ತಾತ್ಕಾಲಿಕ. ಬಿಸಿಲೇರಿ ಥರ್ಮಲ್‌ಗಳು (ಕಾದು ಮೇಲೇರುವ ಗಾಳಿಯ ಕಂಬಗಳು) ಎದ್ದಮೇಲೆ ಗಾಳಿ ಮೇಲೆಕೆಳಗೆ ಕಲಕಿ, ಮೇಲಿನ ವೇಗವಾದ ಗಾಳಿ ತುಂಡುತುಂಡಾಗಿ ಕೆಳಗಿಳಿಯುತ್ತದೆ. ಬೆಳಗಿನ ಒಂಬತ್ತಕ್ಕೆ ಚೆನ್ನಾಗಿದ್ದ ಗಾಳಿ ಹನ್ನೆರಡಕ್ಕೆ ಹುಚ್ಚೆದ್ದಿತೆಂದು ಹೇಳುವುದನ್ನು ಆಗಾಗ ಕೇಳುತ್ತೇವೆ. ಆ ಗಾಳಿ ಹಿಂದಿನ ರಾತ್ರಿಯೇ ನಕ್ಷೆಯಲ್ಲಿ, ಒಂದು ಮಟ್ಟ ಮೇಲೆ, ಕಾಣುತ್ತಿರುತ್ತದೆ.

ಒತ್ತಡದ ನಕ್ಷೆಯನ್ನು ತಪ್ಪದೆ ನೋಡಿ. ಸಮ ಒತ್ತಡದ ಗೆರೆಗಳು ಹತ್ತಿರಹತ್ತಿರ ಬಂದಷ್ಟೂ ಗಾಳಿ ಜೋರು. ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನುಕೊಟ್ಟು ನಿಂತರೆ ಕಡಿಮೆ ಒತ್ತಡದ ಪ್ರದೇಶ ಎಡಕ್ಕಿರುತ್ತದೆ, ದಕ್ಷಿಣ ಗೋಳಾರ್ಧದಲ್ಲಿ ಬಲಕ್ಕೆ. ಪರ್ವತಶ್ರೇಣಿಯ ಒಂದು ಬದಿಗೂ ಇನ್ನೊಂದು ಬದಿಗೂ ಇರುವ ಒತ್ತಡದ ವ್ಯತ್ಯಾಸ ಮುಖ್ಯವಾದ ಸಂಗತಿ. ಆಲ್ಪ್ಸ್‌ನಲ್ಲಿ ಶ್ರೇಣಿಯನ್ನು ಹಾಯ್ದು ಇಳಿಯುವ ಫೋನ್ ಎಂಬ ಬಿಸಿ ಒಣಗಾಳಿಯನ್ನು ಅಲ್ಲಿನ ಹಾರಾಟಗಾರರು ಈ ವ್ಯತ್ಯಾಸದಿಂದಲೇ ಅಳೆಯುತ್ತಾರೆ. ದಕ್ಷಿಣ ಉತ್ತರಗಳ ನಡುವೆ 4 ಹೆಕ್ಟೊಪಾಸ್ಕಲ್ ಮುಟ್ಟಿದರೆ ಅದನ್ನು ಎಚ್ಚರಿಕೆಯ ಗಂಟೆಯೆಂದು ಎಣಿಸುವುದು ರೂಢಿ. ಇಂಥ ದಿನಗಳಲ್ಲಿ ಆಕಾಶ ತಿಳಿಯಾಗಿರುತ್ತದೆ, ದೂರದ ಶಿಖರಗಳೂ ನಿಚ್ಚಳವಾಗಿ ಕಾಣುತ್ತವೆ, ಕಣಿವೆಯಲ್ಲಿ ಎಲೆಯೂ ಅಲುಗದಿರಬಹುದು. ನೆತ್ತಿಯ ಮಟ್ಟದಲ್ಲಿ ಮೇಲೆಕೆಳಗೆ ಸುಲಭವಾಗಿ ಕಲಕದ ಸ್ಥಿರ ಗಾಳಿಯ ಪದರವಿದ್ದು, ಶ್ರೇಣಿಗೆ ಹೆಚ್ಚುಕಡಿಮೆ ಲಂಬವಾಗಿ 30–40 ಕಿ.ಮೀ. ಅಥವಾ ಅದಕ್ಕೂ ಮೀರಿದ ಗಾಳಿ ಬೀಸುತ್ತಿದ್ದು, ಎತ್ತರಕ್ಕೆ ಹೋದಂತೆ ವೇಗ ಹೆಚ್ಚುತ್ತಿದ್ದರೆ, ಬೆಟ್ಟದ ಹಿಂಬದಿಯಲ್ಲಿ ಗಾಳಿ ಅಲೆಅಲೆಯಾಗಿ ಏರಿಳಿಯುತ್ತದೆ. ಜಾಗ ಬಿಟ್ಟು ಕದಲದ, ನುಣುಪಾದ, ಅವರೆಕಾಳಿನ ಆಕಾರದ ಮೋಡಗಳು ಅದರ ಗುರುತು. ಆ ಅಲೆಗಳ ಅಡಿಯಲ್ಲಿ ಸುರುಳಿ ಸುತ್ತುವ ರೋಟರ್ ಗಾಳಿ ಗ್ಲೈಡರನ್ನು ತಲೆಕೆಳಗು ಮಾಡಬಲ್ಲದು.

ಇನ್ನು ಬಿಸಿಲಿನ ವಿಚಾರ. ಮೋಡವಾಗದ ಗಾಳಿ ಮೇಲೇರುವಾಗ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಸುತ್ತಲಿನ ಗಾಳಿಯ ಉಷ್ಣಾಂಶವೂ ಹೆಚ್ಚುಕಡಿಮೆ ಅದೇ ದರದಲ್ಲಿ ಇಳಿಯುತ್ತಿದ್ದರೆ ಥರ್ಮಲ್ ತಡೆಯಿಲ್ಲದೆ ಏರುತ್ತದೆ. 850 ಮತ್ತು 700 ಹೆಕ್ಟೊಪಾಸ್ಕಲ್ ಮಟ್ಟಗಳ ನಡುವೆ ಸುಮಾರು 1,500 ಮೀಟರ್ ಅಂತರವಿರುವುದರಿಂದ ಅವೆರಡರ ಉಷ್ಣಾಂಶವನ್ನು ಕಳೆದು ನೋಡಿದರೆ ದಿನದ ಸ್ವಭಾವ ಒಂದೇ ನಿಮಿಷದಲ್ಲಿ ತಿಳಿಯುತ್ತದೆ: 6 ಡಿಗ್ರಿ ವ್ಯತ್ಯಾಸವಿದ್ದರೆ ಮಂದ, 10 ಇದ್ದರೆ ಸಾಧಾರಣದಿಂದ ಒಳ್ಳೆಯದು, 13 ದಾಟಿದರೆ ಏರಿಕೆ ಜೋರು, ಹೊಡೆತವೂ ಜೋರು. ಮೋಡದ ತಳ ಎಷ್ಟು ಎತ್ತರದಲ್ಲಿರುತ್ತದೆ ಎಂಬುದಕ್ಕೆ ಕಣಿವೆಯ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು (ಗಾಳಿಯ ತೇವ ನೀರಹನಿಯಾಗತೊಡಗುವ ಉಷ್ಣಾಂಶವನ್ನು) ಕಳೆದು 125ರಿಂದ ಗುಣಿಸಬೇಕು. ಕಣಿವೆ 600 ಮೀಟರಿನಲ್ಲಿದ್ದು ಅಲ್ಲಿ ಮಧ್ಯಾಹ್ನ 28 ಡಿಗ್ರಿ ಸೆಲ್ಸಿಯಸ್, ಇಬ್ಬನಿ ಬಿಂದು 16 ಎಂದಾದರೆ ತಳ ಕಣಿವೆಯಿಂದ 1,500 ಮೀಟರ್ ಮೇಲೆ, ಅಂದರೆ 2,100 ಮೀಟರಿನಲ್ಲಿ. ಟೇಕಾಫ್ ಜಾಗ 1,900 ಮೀಟರಿನಲ್ಲಿದ್ದರೆ ಬೆಟ್ಟದ ಮೇಲೆ ನಿಮಗೆ ಉಳಿಯುವುದು ಇನ್ನೂರೇ ಮೀಟರ್, ಅದರಾಚೆ ಕಣ್ಣು ಕಾಣದ ಮೋಡ.

ಗುಡುಗುಮೋಡದ ಸಾಧ್ಯತೆ ಇದ್ದಲ್ಲಿ ನಾನು ಶೇಕಡಾವಾರು ಲೆಕ್ಕಕ್ಕೆ ಹೋಗುವುದಿಲ್ಲ. ಮಧ್ಯಾಹ್ನ ಎಲ್ಲೋ ಒಂದೆರಡು ಕಡೆ ಎಂದು ಬರೆದಿದ್ದರೂ ಬೆಳಗ್ಗೆ ಹಾರಿ ಹೊತ್ತಿಗೆ ಮುಂಚೆ ಇಳಿಯುವ ಯೋಜನೆ ಇರಬೇಕು, ಇಲ್ಲವೇ ಯೋಜನೆಯೇ ಇರಬಾರದು. ಅಂಥ ಮೋಡದಿಂದ ಕೆಳಕ್ಕೆ ಧುಮುಕಿದ ತಣ್ಣನೆಯ ಗಾಳಿ ನೆಲದುದ್ದಕ್ಕೂ ಹರಡಿ, ಮಳೆ ಬೀಳುವ ಜಾಗದಿಂದ 20 ಕಿ.ಮೀ. ಆಚೆಗೂ ಬಿರುಗಾಳಿಯಾಗಿ ಬಡಿಯಬಲ್ಲದು. ಮೋಡದ ಒಳಗಿನ ಸೆಳೆತ ಎಂಥದು ಎಂಬುದಕ್ಕೆ 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾ ಬಳಿ ನಡೆದದ್ದೇ ಸಾಕ್ಷಿ: ಪ್ಯಾರಾಗ್ಲೈಡರ್ ಎವಾ ವಿಸ್ನಿಯೆರ್ಸ್ಕಾ ಅವರನ್ನು ಗುಡುಗುಮೋಡ 9,900 ಮೀಟರಿಗಿಂತ ಮೇಲಕ್ಕೆ ಎಳೆದೊಯ್ದಿತು, ಅವರು ಪ್ರಜ್ಞೆ ತಪ್ಪಿ, ಹಿಮದಿಂದ ಹೆಪ್ಪುಗಟ್ಟಿಯೂ ಬದುಕಿ ಬಂದರು. ಅದೇ ದಿನ ಅದೇ ಪ್ರದೇಶದಲ್ಲಿ ಮೋಡದೊಳಗೆ ಸಿಕ್ಕ ಇನ್ನೊಬ್ಬ ಹಾರಾಟಗಾರ ಬದುಕಲಿಲ್ಲ.

ಕಣಿವೆಯ ಗಾಳಿಗೆ ಬಂದರೆ ದೊಡ್ಡ ಮಾದರಿಗಳು ಬಹುಪಾಲು ನಿರುಪಯುಕ್ತ. ಬಿಸಿಲು ಕಾಯಿಸಿದ ಇಳಿಜಾರುಗಳು ಹಗಲಿನಲ್ಲಿ ಗಾಳಿಯನ್ನು ಮೇಲಕ್ಕೆಳೆಯುತ್ತವೆ, ಆ ಜಾಗ ತುಂಬಲು ಬಯಲಿನ ಗಾಳಿ ಕಣಿವೆಯ ಬಾಯಿಂದ ಒಳನುಗ್ಗುತ್ತದೆ. ಇದು ಮಧ್ಯಾಹ್ನದ ಅನಂತರ, ಸಾಮಾನ್ಯವಾಗಿ ಎರಡರಿಂದ ಐದರ ನಡುವೆ, ತನ್ನ ಗರಿಷ್ಠಕ್ಕೆ ಮುಟ್ಟುತ್ತದೆ. ಕಣಿವೆ ಕಿರಿದಾಗುವಲ್ಲಿ ಅದರ ಬಿರುಸು ಮತ್ತೂ ಹೆಚ್ಚು. ಸೂರ್ಯ ಇಳಿದ ಮೇಲೆ ತಣ್ಣನೆಯ ಗಾಳಿ ಇಳಿಜಾರಿನಗುಂಟ ಕೆಳಕ್ಕೆ ಜಾರತೊಡಗುತ್ತದೆ. ಮೇಲೆ ಟೇಕಾಫ್ ಜಾಗದಲ್ಲಿ ಹಿತವಾದ 15 ಕಿ.ಮೀ. ಇದ್ದಾಗಲೂ ಕೆಳಗೆ ಲ್ಯಾಂಡಿಂಗ್ ಮೈದಾನದಲ್ಲಿ ಬೇರೆಯೇ ದಿಕ್ಕಿನಿಂದ 35 ಕಿ.ಮೀ. ಬೀಸುತ್ತಿರಬಹುದು. ಇದಕ್ಕೆ ಒಂದೆರಡು ಕಿಲೋಮೀಟರ್ ಚೌಕದ ಪ್ರಾದೇಶಿಕ ಮಾದರಿ ಸ್ವಲ್ಪ ನೆರವಾದೀತು, ಆದರೆ ಆ ಕಣಿವೆಯಲ್ಲಿ ವರ್ಷಗಟ್ಟಲೆ ಹಾರಿದವರ ಮಾತಿಗೆ ಸಮನಾದುದಿಲ್ಲ.

ಮಾದರಿಗಳು ಒಂದಕ್ಕಿಂತ ಹೆಚ್ಚಿರುವುದು ವರವೂ ಹೌದು, ಬಲೆಯೂ ಹೌದು. ಎರಡು ಮೂರು ಮಾದರಿಗಳು ಒಂದೇ ಮಾತು ಹೇಳುತ್ತಿದ್ದು, ಹಿಂದಿನ ದಿನದಿಂದ ಇಂದಿನವರೆಗಿನ ಪರಿಷ್ಕರಣೆಗಳಲ್ಲೂ ಆ ಮಾತು ಬದಲಾಗದಿದ್ದರೆ ಅದಕ್ಕೆ ತೂಕವಿದೆ. ಒಂದು 15 ಎಂದು, ಇನ್ನೊಂದು 40 ಎಂದು ಹೇಳಿದರೆ ಸರಾಸರಿ ತೆಗೆದು 27 ಎಂದುಕೊಳ್ಳುವುದು ತಪ್ಪು. ಆ ದಿನದ ಬಗ್ಗೆ ಖಚಿತವಾಗಿ ಏನೂ ತಿಳಿದಿಲ್ಲ ಎಂಬುದೇ ಅದರ ಅರ್ಥ. ರಜೆಯ ದಿನ, ಗ್ಲೈಡರ್ ವಾಹನದ ಮೇಲೇರಿಯಾಗಿದೆ, ಮೂರು ಪುಟಗಳಲ್ಲಿ ಕೆಟ್ಟದ್ದನ್ನು ಓದಿ ನಾಲ್ಕನೆಯದರಲ್ಲಿ ಬೇಕಾದ ಅಂಕಿ ಸಿಕ್ಕಿದೆ: ಇದನ್ನು ನಾನೂ ಮಾಡಿದ್ದೇನೆ. ಅಂದು ಬೆಟ್ಟದ ಮೇಲೆ ಎರಡು ಗಂಟೆ ಕಾದು, ಕಟ್ಟಿದ ರೆಕ್ಕೆಯನ್ನು ಬಿಚ್ಚಿ ಮಡಿಸಿ, ಇಳಿಯುವ ದಾರಿಯಲ್ಲಿ ಮೊದಲ ಮೂರು ಪುಟಗಳಲ್ಲಿದ್ದ ಗಾಳಿಯನ್ನೇ ಮುಖಕ್ಕೆ ಹೊಡೆಸಿಕೊಂಡೆ.

ಅದಾದ ಮೇಲೆ ರೂಢಿಸಿಕೊಂಡ ಕ್ರಮ ಇದು. ಮನೆಯಿಂದ ಹೊರಡುವ ಮುನ್ನ ಒಂದು ಚೀಟಿಯಲ್ಲಿ, ಮುನ್ಸೂಚನೆ ನಿಜವಾದರೆ ಬೆಟ್ಟದ ಮೇಲೆ ಏನೇನು ಕಾಣಬೇಕು ಎಂಬುದನ್ನು ಗಂಟೆಯ ಸಮೇತ ಬರೆಯುತ್ತೇನೆ: ಹತ್ತಕ್ಕೆ ಗಾಳಿಚೀಲ (ಗಾಳಿಯ ದಿಕ್ಕು, ಬಿರುಸು ತೋರಿಸಲು ಕಂಬಕ್ಕೆ ಕಟ್ಟುವ ಬಟ್ಟೆಯ ಚೀಲ) ಅರ್ಧ ಉಬ್ಬಿರಬೇಕು, ಹನ್ನೊಂದರವರೆಗೆ ರಾಶಿಮೋಡ ಹುಟ್ಟಬಾರದು, ಮೋಡಗಳು ಪಶ್ಚಿಮದಿಂದ ನಿಧಾನವಾಗಿ ಸಾಗಬೇಕು. ಅಲ್ಲಿ ಕಂಡದ್ದು ಚೀಟಿಗೆ ಹೊಂದದಿದ್ದರೆ, ಕಂಡದ್ದು ಬರೆದದ್ದಕ್ಕಿಂತ ಹಿತವಾಗಿದ್ದರೂ, ಆ ಮುನ್ಸೂಚನೆಯನ್ನು ಅಲ್ಲಿಗೇ ಕೈಬಿಡುತ್ತೇನೆ. ನಿರೀಕ್ಷೆಗಿಂತ ಶಾಂತವಾದ ಗಾಳಿಗೂ ಕಾರಣ ಗೊತ್ತಾಗಬೇಕು.

ಮೋಡದ ಮಟ್ಟದ ಗಾಳಿಯನ್ನು ಅಳೆಯಲು ಉಪಕರಣ ಬೇಕಿಲ್ಲ. ಎದುರಿನ ಬಯಲಿನಲ್ಲಿ ಒಂದು ಕಿ.ಮೀ. ಅಂತರದ ಎರಡು ಗುರುತುಗಳನ್ನು ನಕ್ಷೆಯಲ್ಲಿ ಆರಿಸಿಕೊಂಡು, ಮೋಡದ ನೆರಳು ಒಂದರಿಂದ ಇನ್ನೊಂದಕ್ಕೆ ಸಾಗುವ ಹೊತ್ತನ್ನು ಎಣಿಸಿ. ಎರಡು ನಿಮಿಷ ಹಿಡಿದರೆ ಗಾಳಿ ಗಂಟೆಗೆ 30 ಕಿ.ಮೀ., ಒಂದೇ ನಿಮಿಷವಾದರೆ 60. ಹೊಗೆ ನೆಟ್ಟಗೆ ಎದ್ದು ಒಂದು ಎತ್ತರದಲ್ಲಿ ತಟ್ಟನೆ ಬಾಗಿದರೆ ಅಲ್ಲಿ ಗಾಳಿಯ ಪದರ ಬದಲಾಗುತ್ತದೆ ಎಂದರ್ಥ. ಹೊಲಗಳಲ್ಲಿ ದೂಳಿನ ಸುಳಿಗಳು ಏಳುತ್ತಿದ್ದರೆ ಆ ಹೊತ್ತಿನಲ್ಲಿ ಲ್ಯಾಂಡಿಂಗ್ ಬೇಡ.

ಅತ್ಯಂತ ಮೋಸದ ದಿನ ಯಾವುದೆಂದರೆ ಟೇಕಾಫ್ ಜಾಗದಲ್ಲಿ ಗಾಳಿ ಸರಿಯಾದ ದಿಕ್ಕಿನಿಂದಲೇ ಬರುತ್ತಿರುವ, ಆದರೆ ಮೇಲಿನ ಗಾಳಿ ಬೆಟ್ಟದ ಬೆನ್ನಿನಿಂದ ಬೀಸುತ್ತಿರುವ ದಿನ. ಬಿಸಿಲಿಗೆ ಮೈಯೊಡ್ಡಿದ ಇಳಿಜಾರು ಗಾಳಿಮರೆಯಲ್ಲಿದ್ದರೂ ತನ್ನದೇ ಏರುಗಾಳಿಯನ್ನು ಹುಟ್ಟಿಸುತ್ತದೆ, ಗಾಳಿಚೀಲ ಹಾರಲು ಕರೆಯುವಂತೆ ಎದುರಿಗೆ ಉಬ್ಬುತ್ತದೆ. ಗುರುತಿಸುವುದು ಹೇಗೆಂದರೆ ಬೀಸುಗಳ ನಡುವೆ ದೀರ್ಘವಾದ ಬಿಡುವು, ಆ ಬಿಡುವಿನಲ್ಲಿ ಒಮ್ಮೊಮ್ಮೆ ಬೆನ್ನಿಗೆ ತಟ್ಟುವ ತಣ್ಣನೆಯ ಗಾಳಿ, ಮತ್ತು ತಲೆಯ ಮೇಲೆ ಎದುರಿಗೆ ಬಾರದೆ ಬೆನ್ನ ಕಡೆಯಿಂದ ಕಣಿವೆಯತ್ತ ಸಾಗುವ ಮೋಡಗಳು. ಕನಿಷ್ಠ ಅರ್ಧ ಗಂಟೆ ಗಾಳಿಚೀಲವನ್ನು ನೋಡದೆ ರೆಕ್ಕೆ ಎತ್ತಬೇಡಿ. ನೆತ್ತಿಯ ಇನ್ನೊಂದು ಬದಿಗೆ ನಡೆದುಹೋಗಿ ಅಲ್ಲಿನ ಗಾಳಿಯನ್ನೂ ಮುಖದ ಮೇಲೆ ಪರೀಕ್ಷಿಸಿ.

ಹಾರಿದ ಮೇಲೂ ಪರೀಕ್ಷೆ ನಿಲ್ಲುವುದಿಲ್ಲ. ಎದುರುಗಾಳಿಯಲ್ಲಿ ಮುಂದಕ್ಕೆ ಸಾಗುವ ವೇಗವನ್ನು ಜಿಪಿಎಸ್‌ನಲ್ಲಿ ನೋಡುತ್ತಿರಿ. ಅದು ಹತ್ತು ನಿಮಿಷಕ್ಕೊಮ್ಮೆ ಇಳಿಯುತ್ತಿದ್ದರೆ, ಇನ್ನೂ ನುಗ್ಗುವ ಶಕ್ತಿಯಿರುವಾಗಲೇ ಬೆಟ್ಟದಿಂದ ಹೊರಗೆ ಕಣಿವೆಯ ಕಡೆ ಹೊರಡಬೇಕು. ಇಳಿದು ರೆಕ್ಕೆ ಮಡಿಸಿದ ಕೂಡಲೇ ಆ ಚೀಟಿಯ ಹಿಂಬದಿಯಲ್ಲಿ ಮುನ್ಸೂಚನೆಯ ಅಂಕಿ, ನಿಜವಾಗಿ ಬೀಸಿದ ಗಾಳಿ, ಮೋಡದ ತಳ, ಕಣಿವೆಯ ಗಾಳಿ ಎದ್ದ ಹೊತ್ತು ಇಷ್ಟನ್ನು ಬರೆದಿಡಿ, ಹಾರದೆ ಹಿಂತಿರುಗಿದ ದಿನಗಳನ್ನೂ ಬಿಡದೆ. ನನ್ನ ಒಂದು ಟೇಕಾಫ್ ಜಾಗದಲ್ಲಿ ಮಾದರಿ ನೈರುತ್ಯದಿಂದ 20 ಎಂದಾಗಲೆಲ್ಲ ನೆತ್ತಿಯಲ್ಲಿ 28ರ ಆಸುಪಾಸು ಬೀಸುತ್ತದೆ, ಪಶ್ಚಿಮದಿಂದ 20 ಎಂದಾಗ 20ನ್ನು ದಾಟುವುದೇ ಅಪರೂಪ. ಇದು ನನಗೆ ತಿಳಿದದ್ದು ಅಂಥ ಚೀಟಿಗಳು ಒಂದು ಡಬ್ಬಿ ತುಂಬಿದ ಮೇಲೆ.