ಎರಡು ಟಿಬಿಎಸ್‌ಗಳಲ್ಲಿ ಒಂದನ್ನು ಮಾತ್ರ ಬಿಡಿಸಿ ಅಸಿಟೈಲ್ ಕೂರಿಸುವುದು

ಅಣುವಿನಲ್ಲಿ ಒಂದು ಪ್ರೈಮರಿ, ಒಂದು ಸೆಕೆಂಡರಿ ಆಲ್ಕೊಹಾಲ್. ಎರಡರ ಮೇಲೂ ಟಿಬಿಎಸ್, ಅಂದರೆ ಆಲ್ಕೊಹಾಲನ್ನು ಮುಚ್ಚಿ ಕಾಪಾಡುವ ಸಿಲಿಕಾನ್ ಗುಂಪು (ಸಿಲೈಲ್). ಪ್ರೈಮರಿಯದನ್ನಷ್ಟೇ ತೆಗೆದು ಅಲ್ಲಿ ಅಸಿಟೈಲ್ ಹಾಕಬೇಕು. ಸಿಲೈಲ್ ಬಿಡಿಸಲು ಬಳಸುವ ಫ್ಲೋರೈಡ್ ಲವಣ ಟಿಬಿಎಎಫ್‌ನ ಬಾಟಲಿಗೆ ಕೈ ಹಾಕಬೇಡಿ. ಅದು ಸಾಮಾನ್ಯವಾಗಿ ಎರಡನ್ನೂ ತೆಗೆಯುತ್ತದೆ. ಅದರ ಕ್ಷಾರಗುಣಕ್ಕೆ ಪಕ್ಕದ ಸಿಲೈಲ್ ಪ್ರೈಮರಿ ಜಾಗಕ್ಕೆ ಜಿಗಿಯುವುದೂ ಉಂಟು.

1 ಮಿಲಿಮೋಲ್ ವಸ್ತುವನ್ನು 5 ಮಿ.ಲೀ. ಡಿಸಿಎಂನಲ್ಲಿ (ಡೈಕ್ಲೋರೋಮೀಥೇನ್) ಕರಗಿಸಿ, 5 ಮಿ.ಲೀ. ಮೆಥನಾಲ್ ಸೇರಿಸಿ, ಐಸ್‌ನಲ್ಲಿಟ್ಟು ಚೆನ್ನಾಗಿ ತಣ್ಣಗಾಗಲು ಬಿಡಿ. ಆಮೇಲೆ ಕ್ಯಾಂಫರ್ ಸಲ್ಫೋನಿಕ್ ಆಮ್ಲ 23 ಮಿ.ಗ್ರಾಂ, ಅಂದರೆ 0.1 ಈಕ್ವಿವಲೆಂಟ್. ಪೇಪರುಗಳ ‘ರೂಮ್ ಟೆಂಪರೇಚರ್’ ಸಾಮಾನ್ಯವಾಗಿ 20–25 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಫ್ಯಾನ್ ಕೆಳಗಿನ ಬೆಂಚು 30 ದಾಟಿರುತ್ತದೆ. ಹಾಗಾಗಿ ಐಸ್ ಕರಗಲು ಬಿಡಬೇಡಿ. ಅಣುವಿನಲ್ಲಿ ಅಸಿಟೊನೈಡ್ (ಎರಡು ಆಲ್ಕೊಹಾಲ್‌ಗಳನ್ನು ಒಟ್ಟಿಗೆ ಮುಚ್ಚುವ ಗುಂಪು) ಇದ್ದರೆ ಈ ವಿಧಾನವೇ ಬೇಡ, ಅದೂ ಆಮ್ಲಕ್ಕೆ ಬಿಟ್ಟುಕೊಳ್ಳುತ್ತದೆ.

ಎಲ್ಲ ಇರುವುದು ನಿಲ್ಲಿಸುವುದರಲ್ಲಿ. ಸೆಕೆಂಡರಿ ಟಿಬಿಎಸ್ ಬಿಡುವುದೇ ಇಲ್ಲ ಎಂದಲ್ಲ, ಇಕ್ಕಟ್ಟಿನಲ್ಲಿರುವುದರಿಂದ ನಿಧಾನವಾಗಿ ಬಿಡುತ್ತದೆ, ಅಷ್ಟೆ. 10 ನಿಮಿಷಕ್ಕೊಮ್ಮೆ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೊಗ್ರಫಿ) ಹಾಕಿ. ಅಣುವಿನಲ್ಲಿ ಆರೊಮ್ಯಾಟಿಕ್ ಭಾಗವಿಲ್ಲದಿದ್ದರೆ ಯುವಿಯಲ್ಲಿ ಚುಕ್ಕಿ ಕಾಣದು. ಅನಿಸಾಲ್ಡಿಹೈಡ್‌ನಲ್ಲಿ ಅದ್ದಿ ಬಿಸಿ ಮಾಡಿ. ಮೇಲಿನದು ಮೂಲವಸ್ತು, ನಡುವಿನದು ಬೇಕಾದದ್ದು, ತೀರಾ ಕೆಳಗೆ ಹೊಸ ಚುಕ್ಕಿ ಬಂದರೆ ಅದು ಎರಡೂ ಟಿಬಿಎಸ್ ಹೋದ ಡಯಾಲ್. ಅದು ಮೂಡುತ್ತಿದ್ದಂತೆ, ಮೂಲವಸ್ತು ಸ್ವಲ್ಪ ಉಳಿದಿದ್ದರೂ, ನಿಲ್ಲಿಸಿ. ಉಳಿದದ್ದನ್ನು ಕಾಲಮ್ ಕ್ರೊಮ್ಯಾಟೊಗ್ರಫಿಯಲ್ಲಿ ವಾಪಸು ಪಡೆದು ಮತ್ತೆ ಹಾಕಬಹುದು, ಡಯಾಲ್ ಆದದ್ದು ವಾಪಸು ಬರುವುದಿಲ್ಲ.

ನಿಲ್ಲಿಸಲು ತಣ್ಣಗಿರುವಾಗಲೇ 0.1 ಮಿ.ಲೀ. ಟ್ರೈಎಥೈಲ್‌ಅಮೀನ್ ಹಾಕಿ. ಇದನ್ನು ಮರೆತು, ದ್ರಾವಕ ಆವಿಯಾಗಿಸುವ ರೋಟಾವ್ಯಾಪ್‌ಗೆ ಏರಿಸಿದರೆ ದ್ರಾವಕ ಇಳಿದಂತೆ ಆಮ್ಲ ಗಟ್ಟಿಯಾಗಿ, ಬಿಸಿನೀರಿನ ಬಾತ್‌ನಲ್ಲಿ ಎರಡನೆಯ ಟಿಬಿಎಸ್ ಕೂಡ ಹೋಗುತ್ತದೆ. ಟಿಎಲ್‌ಸಿ ಚೆನ್ನಾಗಿದ್ದೂ ಇಳುವರಿ ಬಾರದಿದ್ದರೆ ಮೊದಲು ಅನುಮಾನಿಸಬೇಕಾದ್ದು ಈ ಹಂತವನ್ನು.

ಕಾಲಮ್ ಆದ ಆಲ್ಕೊಹಾಲನ್ನು ಅದೇ ದಿನ ಬಳಸಿ. 1 ಮಿಲಿಮೋಲ್‌ಗೆ ಡಿಸಿಎಂ 5 ಮಿ.ಲೀ., ಪಿರಿಡೀನ್ 0.24 ಮಿ.ಲೀ., ವೇಗವರ್ಧಕ ಡಿಎಂಎಪಿ 12 ಮಿ.ಗ್ರಾಂ, 0 ಡಿಗ್ರಿಯಲ್ಲಿ ಅಸಿಟಿಕ್ ಅನ್‌ಹೈಡ್ರೈಡ್ 0.14 ಮಿ.ಲೀ. ಮುಗಿದ ಮೇಲೆ ಕೆಲವು ಹನಿ ಮೆಥನಾಲ್ ಹಾಕಿ. ಪಿರಿಡೀನ್ ತೆಗೆಯಲು ಆಮ್ಲಕ್ಕಿಂತ ಮೈಲುತುತ್ತದ ದ್ರಾವಣ ಮೇಲು, ಟಿಬಿಎಸ್‌ಗೆ ತೊಂದರೆಯಿಲ್ಲ: ತೊಳೆದಾಗ ನೀಲಿ ಗಾಢವಾಗುವುದು ನಿಲ್ಲುವ ತನಕ ತೊಳೆಯಿರಿ.

ಪ್ರೋಟಾನ್ ಎನ್‌ಎಂಆರ್‌ನಲ್ಲಿ 2.1 ಪಿಪಿಎಂ ಹತ್ತಿರ ಅಸಿಟೈಲ್, 0.9ರಲ್ಲಿ ಟಿಬಿಎಸ್‌ನ 18ರ ಬದಲು 9 ಪ್ರೋಟಾನ್, ಸಿಎಚ್2 3.6ರ ಆಸುಪಾಸಿನಿಂದ 4.1ರ ಕಡೆಗೆ ಸರಿದಿರಬೇಕು. ಸಿಎಚ್2 ಅಲ್ಲೇ ಉಳಿದು, 5ರ ಸುಮಾರಿಗೆ ಒಂದು ಪ್ರೋಟಾನ್ ಎದ್ದಿದ್ದರೆ ಸಿಲೈಲ್ ಜಿಗಿದು ಅಸಿಟೈಲ್ ಸೆಕೆಂಡರಿಯ ಮೇಲೆ ಕೂತಿದೆ.